ಶನಿವಾರದ ಪಾಟ್‌ಲಕ್‌ಗೆ ಸ್ಲೈಡರ್ ತರುವವರಿಗೆ

ಎಲ್ಲರಿಗೂ ನಮಸ್ಕಾರ. ಪಾಟ್‌ಲಕ್ ಅಂದ್ರೆ ಎಲ್ಲರೂ ಒಂದೊಂದು ಅಡುಗೆ ತಂದು ಹಂಚ್ಕೊಂಡು ತಿನ್ನೋ ಊಟ. ಅದಕ್ಕೆ ಸ್ಲೈಡರ್, ಅಂದ್ರೆ ಪುಟ್ಟ ಬನ್ ಸ್ಯಾಂಡ್‌ವಿಚ್, ಹೇಗೆ ಮಾಡೋದು ಅಂತ ಸುಮಾರು ಜನ ಕೇಳಿದ್ರಿ, ಇಲ್ಲೇ ಹಾಕ್ತಿದ್ದೀನಿ.

12 ಬನ್ ಇರೋ ಹವಾಯಿಯನ್ ರೋಲ್ಸ್ (ಸ್ವಲ್ಪ ಸಿಹಿ ಇರೋ ಮೆತ್ತನೆ ಪುಟ್ಟ ಬನ್) ಪ್ಯಾಕೆಟ್ ತನ್ನಿ. ಬನ್ನುಗಳನ್ನ ಬಿಡಿಬಿಡಿ ಮಾಡ್ಬೇಡಿ. ಬ್ರೆಡ್ ಕುಯ್ಯೋ ಉದ್ದ ಚಾಕು ತಗೊಂಡು ಇಡೀ ಪ್ಯಾಕೆಟ್ಟನ್ನ ಒಟ್ಟಿಗೇ ಅಡ್ಡಕ್ಕೆ ಸೀಳಿ. ಕೆಳಗಿನ ಅರ್ಧ ಟ್ರೇಗೆ, ಅದರ ಮೇಲೆ ಸ್ವಿಸ್ ಚೀಸ್, ಹ್ಯಾಮ್ (ಹಂದಿಮಾಂಸದ ಸ್ಲೈಸ್), ಮತ್ತೆ ಚೀಸ್, ಕೊನೆಗೆ ಮೇಲಿನ ಅರ್ಧ ಮುಚ್ಚಿ. ಅಡಿಯಲ್ಲೂ ಚೀಸ್ ಇದ್ರೆ ಬನ್ ಒದ್ದೆ ಆಗಲ್ಲ. ಹಂದಿಮಾಂಸ ತಿನ್ನದವರಿಗೆ ಟರ್ಕಿ ಕೋಳಿ ಮಾಂಸ ಹಾಕಿ. ನನ್ನ ಓಟು ಅದಕ್ಕೇ.

ರುಚಿಯೆಲ್ಲ ಇರೋದು ಬೆಣ್ಣೆಯಲ್ಲಿ. ಕಾಲು ಕಪ್ ಬೆಣ್ಣೆ ಕರಗಿಸಿ, ಒಂದು ದೊಡ್ಡ ಚಮಚ ಡಿಜಾನ್ ಸಾಸಿವೆ ಪೇಸ್ಟ್, ಅರ್ಧ ಟೀ ಚಮಚ ಈರುಳ್ಳಿ ಪುಡಿ, ಗಸಗಸೆ, ಒಂದು ಟೀ ಚಮಚ ವೂಸ್ಟರ್ ಸಾಸ್ (ಹುಳಿ-ಉಪ್ಪಿನ ಕಪ್ಪು ಸಾಸ್) ಕಲಸಿ. ಮೇಲಿನ ಬನ್ನಿಗೆ ಸವರಿ, ಸಂದುಗಳಿಗೂ ಇಳೀಲಿ. ಫಾಯಿಲ್ ಮುಚ್ಚಿ 350 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ 15 ನಿಮಿಷ, ಫಾಯಿಲ್ ತೆಗೆದು ಇನ್ನೊಂದು 5. ಚೀಸ್ ಅಂಚಿನಿಂದ ಇಳಿದು ಟ್ರೇಗೆ ಅಂಟಿ ಗರಿಗರಿ ಆಗುತ್ತಲ್ಲ, ಮಕ್ಕಳು ಜಗಳ ಆಡೋದು ಅದಕ್ಕೇ.

ಸಸ್ಯಾಹಾರಿಗಳ ಟ್ರೇಗೆ ಪಾಲಕ್, ಪನೀರ್ ಸಾಕು. ಆದ್ರೆ ವೂಸ್ಟರ್ ಸಾಸ್ ಹಾಕ್ಬೇಡಿ, ಸಾಮಾನ್ಯವಾಗಿ ಅದರಲ್ಲಿ ಮೀನು ಇರುತ್ತೆ! ಟ್ರೇ, ಚಾಕು ಎರಡೂ ಬೇರೆ ಇರಲಿ, ಮೇಲೆ ಚೀಟಿ ಅಂಟಿಸಿ.

ಹಿಂದಿನ ರಾತ್ರಿಯೇ ಜೋಡಿಸಿ ಫ್ರಿಜ್‌ನಲ್ಲಿಡಬಹುದು, ಬೆಣ್ಣೆ ಮಾತ್ರ ಬೇಕ್ ಮಾಡೋ ಹೊತ್ತಿಗೆ. ಹೊರಗಿಟ್ಟು 2 ಗಂಟೆ ದಾಟಿದ್ದನ್ನ ಯಾರೂ ಕಟ್ಟಿಕೊಂಡು ಹೋಗ್ಬೇಡಿ.

ಯಾರು ಎಷ್ಟು ಟ್ರೇ ಅಂತ ಗುರುವಾರದೊಳಗೆ ಇಲ್ಲೇ ತಿಳಿಸಿ.