ಗುಂಡಿ ತೋಡುವ ಮುಂಚೆ ಮಣ್ಣಿನ ಮಾದರಿ ಪರೀಕ್ಷೆಯಾಗಲಿ

ಮಾನ್ಯರೇ,

ನಮ್ಮ ಪಕ್ಕದ ಸೈಟಿನಲ್ಲಿ ಬೇಸ್‌ಮೆಂಟಿಗೆಂದು ಮಾರ್ಚ್‌ನಲ್ಲಿ 20 ಅಡಿ ಅಗೆದರು. ಕೆಮ್ಮಣ್ಣು ಗೋಡೆಯಂತೆ ನೆಟ್ಟಗೆ ನಿಂತಿತ್ತು, ಜೆಸಿಬಿ ಹಲ್ಲಿನ ಗೀರುಗಳೂ ಮಾಸಿರಲಿಲ್ಲ. ಮೇ ತಿಂಗಳ ಎರಡೇ ಮಳೆಗೆ ನಮ್ಮ ಕಾಂಪೌಂಡಿನ ಬುಡ ಜಾರಿತು. ಗೋಡೆಯಲ್ಲೀಗ ಬೆರಳು ತೂರುವಷ್ಟು ಬಿರುಕು. ಆ ಹೊತ್ತಿನಲ್ಲಿ ಕೆಳಗೆ ಕೂಲಿಯವರು ಯಾರೂ ಇರಲಿಲ್ಲ, ದೇವರು ದೊಡ್ಡವನು.

ಒಣ ಕೆಮ್ಮಣ್ಣಿನ ಕಣಗಳನ್ನು ನಡುವಿನ ಅಲ್ಪ ತೇವ ಬಿಗಿದು ಹಿಡಿದಿರುತ್ತದೆ. ಮಳೆನೀರು ಇಳಿದರೆ ಆ ಹಿಡಿತ ಸಡಿಲವಾಗುತ್ತದೆ. ಬೇಸಿಗೆಯಲ್ಲಿ ನಿಂತದ್ದು ಮಳೆಗಾಲದಲ್ಲೂ ನಿಲ್ಲುತ್ತದೆಂದು ಮೇಸ್ತ್ರಿಗಳು ನಂಬುವುದು ಅಪಾಯಕಾರಿ.

ಇದನ್ನು ಮೊದಲೇ ನೋಡಲು ದಾರಿಯಿದೆ. ಅದೇ ಮಣ್ಣಿನಲ್ಲಿ ಗುಂಡಿಯ ಪುಟ್ಟ ಮಾದರಿ ಮಾಡಿ ಪರೀಕ್ಷಿಸುವುದು. ಆದರೆ ಗೇಣುದ್ದದ ಮಾದರಿಗೆ ಬೀಳುವಷ್ಟು ಸ್ವಂತ ಭಾರವಿರುವುದಿಲ್ಲ. ಹಾಗಾಗಿ 50ರಲ್ಲಿ ಒಂದು ಪಾಲಿನ ಮಾದರಿಯನ್ನು ಸೆಂಟ್ರಿಫ್ಯೂಜ್ ಎಂಬ ಗರಗರ ಸುತ್ತುವ ಯಂತ್ರದಲ್ಲಿಟ್ಟು, ಗುರುತ್ವದ 50 ಪಟ್ಟು ಸೆಳೆತ ಬರುವಂತೆ ತಿರುಗಿಸುತ್ತಾರೆ. ಆಗ 12 ಸೆಂ.ಮೀ. ಎತ್ತರದ ಮಣ್ಣು 6 ಮೀಟರ್ ಆಳದ ಗುಂಡಿಯಷ್ಟೇ ಒತ್ತಡ ತಾಳುತ್ತದೆ. ವರ್ಷವಿಡೀ ನೀರು ಇಂಗುವುದನ್ನು ಮೂರೂವರೆ ಗಂಟೆಯಲ್ಲಿ ನೋಡಬಹುದು! ಮುಂಬೈ ಐಐಟಿಯಲ್ಲಿ 4.5 ಮೀಟರ್ ತ್ರಿಜ್ಯದ ಇಂಥ ಯಂತ್ರವಿದೆ.

ಪ್ರತಿ ಮನೆಗೂ ಇದು ಆಗದ ಮಾತು. ಆದರೆ ಬೆಂಗಳೂರಿನ ಬೇರೆಬೇರೆ ಭಾಗದ ಮಣ್ಣನ್ನು ಒಮ್ಮೆ ಹೀಗೆ ಪರೀಕ್ಷಿಸಿ, ಎಷ್ಟು ಆಳಕ್ಕೆ ಎಷ್ಟು ಇಳಿಜಾರು ಬಿಡಬೇಕು, ಎಲ್ಲಿ ಆಸರೆ ಗೋಡೆ ಕಡ್ಡಾಯ ಎಂಬುದನ್ನು ನಗರ ಪಾಲಿಕೆಗಳು ನಕ್ಷೆ ಮಂಜೂರಾತಿಯ ಷರತ್ತಿನಲ್ಲೇ ಸೇರಿಸಲಿ. ಮೂರು ನಾಲ್ಕು ಅಂತಸ್ತು ಕೆಳಗಿಳಿಯುವ ದೊಡ್ಡ ಕಟ್ಟಡಗಳಿಗೆ ಪ್ರತ್ಯೇಕ ಪರೀಕ್ಷೆಯನ್ನೇ ಕೇಳಲಿ.

– ನೊಂದ ನಿವಾಸಿ, ಬನಶಂಕರಿ, ಬೆಂಗಳೂರು