ಬ್ಲ್ಯಾಕ್‌ಬರ್ನ್‌ನ ಬಾರ್ಬರಾ: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ಸಿಟ್ಟಿನಿಂದ ಕೇಳಿದೆಯಲ್ಲ, ಮೂವತ್ತು ವರ್ಷ ಒಂದೇ ಕುರ್ಚಿಯಲ್ಲಿ ಕೂರುವ ರಾಜಕಾರಣಿಗಳಿಂದ ಏನು ಉಪಯೋಗ ಅಂತ. ಕೂತವರೆಲ್ಲ ಕೆಲಸ ಮಾಡಿದರು ಅಂತ ನಾನೂ ಹೇಳಲ್ಲ. ಆದರೆ ಬ್ರಿಟನ್ನಿನ ಲೇಬರ್ ಪಕ್ಷದ ರಾಜಕಾರಣಿ ಬಾರ್ಬರಾ ಕ್ಯಾಸಲ್ ಕಥೆ ನಿನಗೆ ಗೊತ್ತಿರಬೇಕು. ನಿನ್ನ ಮ್ಯಾಂಚೆಸ್ಟರ್‌ನಿಂದ ಸುಮಾರು ಒಂದು ಗಂಟೆ ರೈಲಿನಲ್ಲಿ ಹೋದರೆ ಸಿಗುವ ಬ್ಲ್ಯಾಕ್‌ಬರ್ನ್ ಆಕೆಯನ್ನು 1945ರಿಂದ 1979ರವರೆಗೆ, 34 ವರ್ಷ ಸಂಸತ್ತಿಗೆ ಕಳಿಸಿತು. ಹತ್ತಿ ಗಿರಣಿಗಳ ಊರು ಅದು. ಜುಬಿಲಿ ಸ್ಕ್ವೇರ್‌ನಲ್ಲಿ 2021ರಲ್ಲಿ ಆಕೆಯ ಪ್ರತಿಮೆ ನಿಲ್ಲಿಸಿದ್ದಾರೆ. ಒಂದು ಭಾನುವಾರ ಹೋಗಿ ನೋಡು.

ಆಕೆಗೆ ಟಿಕೆಟ್ ಸಿಕ್ಕಿದ್ದೇ ಹೆಂಗಸರ ಹಟದಿಂದ. ಅಭ್ಯರ್ಥಿಗಳ ಪಟ್ಟಿಯಲ್ಲಿ ಒಬ್ಬ ಹೆಂಗಸಾದರೂ ಇರಲೇಬೇಕು ಎಂದು ಅಲ್ಲಿನ ಲೇಬರ್ ಪಕ್ಷದ ಮಹಿಳೆಯರು ಪಟ್ಟು ಹಿಡಿದಿದ್ದರು. ಆ ಋಣವನ್ನು ಆಕೆ ಮರೆಯಲಿಲ್ಲ. ಆಗ ಸಾರ್ವಜನಿಕ ಶೌಚಾಲಯಗಳ ಬಾಗಿಲಲ್ಲಿ ಕಾಸು ಹಾಕಿದರೆ ತಿರುಗುವ ಗೇಟುಗಳಿದ್ದವು. ಬಸುರಿಯರು, ಮಗು ಎತ್ತಿಕೊಂಡವರು, ಕೈತುಂಬ ಚೀಲ ಹಿಡಿದವರು ಅದರಲ್ಲಿ ನುಸುಳಲು ಒದ್ದಾಡುತ್ತಿದ್ದರು. ವಿರೋಧ ಪಕ್ಷದ ಸಾಮಾನ್ಯ ಸದಸ್ಯೆಯಾಗಿದ್ದುಕೊಂಡೇ ಆಕೆ ಅದರ ಹಿಂದೆ ಬಿದ್ದರು. ಅವುಗಳನ್ನು ತೆಗೆಸುವ ಕಾನೂನು 1963ರಲ್ಲಿ ಬಂತು. ಇದನ್ನು ಸಣ್ಣ ವಿಷಯ ಅನ್ನುವವರು ಆ ಗೇಟಿನಲ್ಲಿ ಸಿಕ್ಕಿಕೊಂಡವರಲ್ಲ, ಅಲ್ವಾ?

ಮುಂದೆ 1965ರಲ್ಲಿ ಸಾರಿಗೆ ಮಂತ್ರಿಯಾದರು. ಕಾರು ಓಡಿಸಲು ಬಾರದ ಸಾರಿಗೆ ಮಂತ್ರಿ! ಕುಡಿದು ಗಾಡಿ ಓಡಿಸುವವರನ್ನು ಉಸಿರು ಊದಿಸಿ ಹಿಡಿಯುವ ಪದ್ಧತಿಯನ್ನು 1967ರ ಅಕ್ಟೋಬರ್‌ನಲ್ಲಿ ತಂದರು. ಇವಳಿಗೇನು ಗೊತ್ತು ಅಂತ ಗಂಡಸರು ರೇಗಿದರು. ಕೊಲ್ಲುತ್ತೇವೆ ಅನ್ನುವ ಪತ್ರಗಳೂ ಬಂದವು. ಆಕೆ ಹಿಂದೆ ಸರಿಯಲಿಲ್ಲ. ಮೊದಲ ವರ್ಷವೇ ರಸ್ತೆಯಲ್ಲಿ ಸಾಯುವವರ ಸಂಖ್ಯೆ ಸಾವಿರಕ್ಕೂ ಜಾಸ್ತಿ ಇಳಿಯಿತು.

ಲಂಡನ್ನಿನ ಡಾಗನ್‌ಹ್ಯಾಮ್ ಹೆಸರು ನೀನು ಕೇಳಿರಬಹುದು. ಅಲ್ಲಿನ ಫೋರ್ಡ್ ಕಾರ್ಖಾನೆಯಲ್ಲಿ ಸೀಟಿನ ಕವರ್ ಹೊಲಿಯುತ್ತಿದ್ದ ಹೆಂಗಸರ ಕೆಲಸಕ್ಕೆ ನೈಪುಣ್ಯ ಬೇಡ ಎಂದು ಕಂಪನಿ ಕೆಳಗಿನ ದರ್ಜೆ ಕೊಟ್ಟಿತ್ತು. ಆ ದರ್ಜೆಯಲ್ಲೂ ಗಂಡಸರಿಗಿಂತ ಕಡಿಮೆ ಕೂಲಿ. 1968ರ ಜೂನ್‌ನಲ್ಲಿ ಅವರು ಯಂತ್ರ ನಿಲ್ಲಿಸಿದರು. ಸೀಟಿಲ್ಲದೆ ಕಾರು ಹೊರಗೆ ಹೋಗುವುದು ಹೇಗೆ? ಆಗ ಉದ್ಯೋಗ ಮಂತ್ರಿಯಾಗಿದ್ದ ಬಾರ್ಬರಾ ಆ ಹೆಂಗಸರನ್ನು ಕಚೇರಿಗೇ ಕರೆಸಿ, ಚಹಾ ಕೊಟ್ಟು ಮಾತಾಡಿದರು. ಗಂಡಸರ ಕೂಲಿಯ ಶೇ. 92ಕ್ಕೆ ರಾಜಿಯಾಯಿತು. ದರ್ಜೆಯ ಪ್ರಶ್ನೆ ಮಾತ್ರ ಬಗೆಹರಿಯಲಿಲ್ಲ. ಅದು ಸಿಗಲು ಆ ಹೆಂಗಸರು 1984ರಲ್ಲಿ ಮತ್ತೆ ಮುಷ್ಕರ ಹೂಡಬೇಕಾಯಿತು. ಸಮಾನ ವೇತನದ ಕಾನೂನನ್ನು ಬಾರ್ಬರಾ 1970ರಲ್ಲಿ ಮಾಡಿಸಿದರು. ಕಂಪನಿಗಳಿಗೆ ಅದು ಅನ್ವಯವಾಗಿದ್ದು 1975ರ ಕೊನೆಗೆ. ಆ ಐದು ವರ್ಷದ ಕಾಲಾವಕಾಶ ನನಗೆ ಇವತ್ತಿಗೂ ಸರಿ ಅನ್ನಿಸುವುದಿಲ್ಲ.

ಸೋಲೂ ಇತ್ತು. ಕಾರ್ಮಿಕ ಸಂಘಗಳ ಮುಷ್ಕರಕ್ಕೆ ನಿಯಮ ಹಾಕಲು 1969ರಲ್ಲಿ ಹೊರಟು, ಸಂಘಗಳೂ ಸ್ವಂತ ಪಕ್ಷದವರೂ ತಿರುಗಿಬಿದ್ದು, ಕೈಬಿಡಬೇಕಾಯಿತು. ಸಂಪುಟದೊಳಗೆ ಅದನ್ನು ಗಟ್ಟಿಯಾಗಿ ವಿರೋಧಿಸಿದವರು ಜೇಮ್ಸ್ ಕ್ಯಾಲಹನ್. ಅವರ ಹೆಸರು ನೆನಪಿಟ್ಟುಕೋ.

ನನ್ನ ಮನಸ್ಸಿಗೆ ಹತ್ತಿರವಾದದ್ದು ಮಕ್ಕಳ ಭತ್ಯೆ. ಮಕ್ಕಳಿದ್ದರೆ ಅಪ್ಪನಿಗೆ ತೆರಿಗೆಯಲ್ಲಿ ರಿಯಾಯಿತಿ ಸಿಗುತ್ತಿತ್ತು. ಅಂದರೆ ಹಣ ಅವನ ಸಂಬಳದ ಲಕೋಟೆಯಲ್ಲೇ ಉಳಿಯುತ್ತಿತ್ತು. ಅಮ್ಮನ ಕೈಗೆ ಬರುತ್ತಿದ್ದ ಸಣ್ಣ ಭತ್ಯೆ ಎರಡನೇ ಮಗುವಿನಿಂದ ಶುರು. ಬಾರ್ಬರಾ ಎರಡನ್ನೂ ಸೇರಿಸಿ, ಮೊದಲ ಮಗುವಿನಿಂದಲೇ, ನೇರವಾಗಿ ಅಮ್ಮನಿಗೆ ಕೊಡಿಸುವ ಕಾನೂನನ್ನು 1975ರಲ್ಲಿ ತಂದರು. ನಿನ್ನ ಅಜ್ಜಿ ನಿನಗೆ ಗೊತ್ತಲ್ಲ. ನಮಗೆ ಚಪ್ಪಲಿ ಕೊಡಿಸಬೇಕಾದರೂ ತಾತನ ಮೂಡು ನೋಡಿ ಬಾಯಿ ಬಿಡುತ್ತಿದ್ದರು. ಅದನ್ನು ಕಂಡವಳಿಗೆ ಈ ಕಾನೂನಿನ ಬೆಲೆ ಯಾರೂ ವಿವರಿಸಬೇಕಾಗಿಲ್ಲ.

ಮರುವರ್ಷ ಕ್ಯಾಲಹನ್ ಪ್ರಧಾನಿಯಾದರು. ಬಂದವರೇ ಬಾರ್ಬರಾ ಅವರನ್ನು ಸಂಪುಟದಿಂದ ತೆಗೆದರು. ಕೆಲವೇ ವಾರಗಳಲ್ಲಿ ಸರ್ಕಾರ ಭತ್ಯೆಯನ್ನೂ ಮುಂದೂಡಲು ಹೊರಟಿತು. ಕೈಗೆ ಬರುವ ಸಂಬಳ ಕಡಿಮೆಯಾದರೆ ಗಂಡಸರು ಸಿಟ್ಟಾಗುತ್ತಾರೆ ಅನ್ನುವ ಭಯ. ಸಂಪುಟದ ಗುಟ್ಟಿನ ಕಾಗದಗಳು ಪತ್ರಿಕೆಗೆ ಸೋರಿ ವಿಷಯ ಬಯಲಾಯಿತು. ಬಾರ್ಬರಾ ಹಿಂದಿನ ಬೆಂಚಿನಲ್ಲಿ ಕೂತು ತಮ್ಮದೇ ಸರ್ಕಾರವನ್ನು ಸುಮ್ನೆ ಬಿಡಲಿಲ್ಲ. 1977ರ ಏಪ್ರಿಲ್‌ನಿಂದ ಭತ್ಯೆ ಹಂತಹಂತವಾಗಿ ಜಾರಿಗೆ ಬಂತು. ಮಂತ್ರಿಗಿರಿ ಹೋಯಿತು ಅಂತ ಆಕೆ ಮನೆಗೆ ಹೋಗಿದ್ದರೆ ಆ ಬೆಂಚಿನಿಂದ ಕೇಳುವವರು ಒಬ್ಬರು ಕಡಿಮೆಯಾಗುತ್ತಿದ್ದರು.

ಮುಂದೆ ಹತ್ತು ವರ್ಷ ಯುರೋಪಿನ ಸಂಸತ್ತು, ಆಮೇಲೆ ಬ್ರಿಟನ್ನಿನ ಮೇಲ್ಮನೆಯಾದ ಲಾರ್ಡ್ಸ್ ಸಭೆ. 2000ದಲ್ಲಿ ಲೇಬರ್ ಸರ್ಕಾರ ಪಿಂಚಣಿಯನ್ನು ವಾರಕ್ಕೆ 75 ಪೆನ್ಸ್ ಮಾತ್ರ ಏರಿಸಿತು. ಬೆಲೆ ಅಥವಾ ಸಂಬಳ, ಯಾವುದು ಹೆಚ್ಚು ಏರಿತೋ ಅದಕ್ಕೆ ತಕ್ಕಂತೆ ಪಿಂಚಣಿ ಏರಬೇಕು ಎಂಬ ನಿಯಮ ತಂದಿದ್ದು ಬಾರ್ಬರಾ. ಥ್ಯಾಚರ್ ಸರ್ಕಾರ 1980ರಲ್ಲಿ ಸಂಬಳದ ಜೊತೆಗಿನ ಆ ನಂಟು ಕಡಿದಿತ್ತು. ತೊಂಬತ್ತು ತುಂಬುವ ಹೊತ್ತಿನಲ್ಲಿ ಆಕೆ ಪಕ್ಷದ ಸಮ್ಮೇಳನಕ್ಕೆ ಹೋಗಿ ಅದನ್ನು ವಾಪಸ್ ಕೊಡಿ ಎಂದು ಕೇಳಿದರು. ಪ್ರತಿನಿಧಿಗಳು ನಾಯಕರ ಮಾತು ಮೀರಿ ಅದರ ಪರ ಮತ ಹಾಕಿದರು. ಸರ್ಕಾರ ಆಗ ಒಪ್ಪಲಿಲ್ಲ. ಆಕೆ 2002ರ ಮೇ ತಿಂಗಳಲ್ಲಿ ತೀರಿಕೊಂಡರು. ಸಂಬಳದ ನಂಟು ಪಿಂಚಣಿಗೆ ಮರಳಿ ಬಂದದ್ದು 2011ರಲ್ಲಿ.

ಪ್ರೀತಿಯಿಂದ,
ಅಮ್ಮ