ರಸೀದಿ ಇಲ್ಲದ ಖರ್ಚು

ಪ್ರೀತಿಯ ಗೆಳೆಯಾ,

"ಅಪ್ಪನ ಕ್ಯಾನ್ಸರ್ ಚಿಕಿತ್ಸೆಗೆ ಒಟ್ಟು ಎಷ್ಟು ದುಡ್ಡು ಹೊಂದಿಸಿಕೊಳ್ಳಬೇಕು?" ಅಂತ ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, ನಾನು ಏನೋ ಹೇಳಿ ಮಾತು ತೇಲಿಸಿಬಿಟ್ಟೆ. ಅವತ್ತು ರಾತ್ರಿ ಅಣ್ಣನ ಹಳೇ ಫೈಲು ತೆಗೆದು ಕೂತೆ. ಬಯಾಪ್ಸಿ, ಸ್ಕ್ಯಾನ್, ಆಪರೇಷನ್, ಕೀಮೋ, ಎಲ್ಲದರ ಬಿಲ್ಲೂ ಇದೆ. ಕೂಡಿದರೆ ಒಂದು ಮೊತ್ತವೂ ಬರುತ್ತದೆ. ಆದರೆ ನಮ್ಮ ಮನೆಯನ್ನು ನಿಜಕ್ಕೂ ಕುಗ್ಗಿಸಿದ ಖರ್ಚು ಆ ಫೈಲಿನಲ್ಲಿ ಇಲ್ಲವೇ ಇಲ್ಲ.

ರೇಡಿಯೇಷನ್ ವಿಷಯವನ್ನೇ ತಗೋ. ಮೆಷಿನ್ ಮುಂದೆ ಮಲಗುವುದು ದಿನಕ್ಕೆ ಕೆಲವೇ ನಿಮಿಷ. ಆದರೆ ವಾರಕ್ಕೆ 5 ದಿನ, ಹೀಗೇ ಐದಾರು ವಾರ. ಅಷ್ಟಕ್ಕೇ ಜೊತೆಗೆ ಹೋಗುವ ಇನ್ನೊಬ್ಬರ ಇಡೀ ದಿನ ಹೋಗುತ್ತದೆ. ಕೀಮೋಗೆ ರಜೆ ಹಾಕಿ, ಗಾಡಿ ಮಾಡಿಕೊಂಡು ಹೋದರೆ, "ಬ್ಲಡ್ ಕೌಂಟ್ ಕಡಿಮೆ ಇದೆ, ಮುಂದಿನ ವಾರ ಬನ್ನಿ" ಅಂತ ವಾಪಸ್ ಕಳಿಸಿದ್ದೂ ಇದೆ. ತಪ್ಪು ಯಾರದ್ದೂ ಅಲ್ಲ. ಬಿಳಿ ರಕ್ತಕಣ ತೀರಾ ಇಳಿದಾಗ ಔಷಧಿ ಕೊಟ್ಟರೆ ಸೋಂಕು ತಗುಲಿ ಜೀವಕ್ಕೇ ಕುತ್ತು. ಆದರೂ ಆ ರಜೆ ಹೋಯಿತು, ಅಲ್ವಾ? ದಿನಗೂಲಿಯವರಾದರೆ ಅವತ್ತಿನ ಕೂಲಿ.

ಅಣ್ಣನ ಸಂಬಳ ನಿಲ್ಲುತ್ತದೆ ಅಂತ ಗೊತ್ತಿತ್ತು. ಅತ್ತಿಗೆಯ ಸಂಬಳವೂ ನಿಂತಿದ್ದನ್ನು ನಾವ್ಯಾರೂ ಲೆಕ್ಕಕ್ಕೇ ಹಿಡಿಯಲಿಲ್ಲ. "ನೋಡಿಕೊಳ್ಳೋಕೆ ಅತ್ತಿಗೆ ಇದ್ದಾರಲ್ಲ" ಅಂತ ನಾನೇ ಅಂದಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಅಣ್ಣ ಚೇತರಿಸಿಕೊಂಡ ಮೇಲೆ ಅವರಿಗೆ ಆ ಕೆಲಸ ಮತ್ತೆ ಸಿಗಲಿಲ್ಲ. ಒಂದು ವರ್ಷ ಬಿಟ್ಟು ಸೇರುತ್ತೇನೆ ಅಂತ ಕಾಲೇಜು ಬಿಟ್ಟ ಅವರ ಮಗ ಇನ್ನೂ ಸೇರಿಲ್ಲ.

ನಮ್ಮ ಮನೆಯಲ್ಲೇ ಲೆಕ್ಕ ತಪ್ಪಿತು ಅಂದುಕೊಂಡಿದ್ದೆ. ಆಮೇಲೆ ಆಗ್ನೇಯ ಏಷ್ಯಾದ 8 ದೇಶಗಳ ಒಂದು ಅಧ್ಯಯನದ ಬಗ್ಗೆ ಓದಿದೆ. 2015ರಲ್ಲಿ ಪ್ರಕಟವಾಗಿದ್ದು, ಒಂಬತ್ತು ಸಾವಿರಕ್ಕೂ ಜಾಸ್ತಿ ಕ್ಯಾನ್ಸರ್ ರೋಗಿಗಳದ್ದು. ಕಾಯಿಲೆ ಗೊತ್ತಾಗಿ ಒಂದೇ ವರ್ಷದಲ್ಲಿ ನೂರಕ್ಕೆ 29 ಜನ ತೀರಿಕೊಂಡಿದ್ದರು. ನೂರಕ್ಕೆ 48 ಜನರ ಮನೆಯಲ್ಲಿ ವರ್ಷದ ಆದಾಯದ ಶೇ. 30ಕ್ಕಿಂತ ಹೆಚ್ಚು ದುಡ್ಡು ಕೈಯಿಂದಲೇ ಚಿಕಿತ್ಸೆಗೆ ಹೋಗಿತ್ತು. ಅದರಲ್ಲೂ ಇದು ಬರೀ ಚಿಕಿತ್ಸೆಯ ದುಡ್ಡು. ಅತ್ತಿಗೆಯಂಥವರ ಸಂಬಳ ಅಲ್ಲೂ ಲೆಕ್ಕದಲ್ಲಿಲ್ಲ ನೋಡು.

ಇನ್ನೊಂದು ವಿಷಯ. ಇದನ್ನು ಅಣ್ಣ ಯಾರಿಗೂ ಹೇಳಿರಲಿಲ್ಲ. ಕೀಮೋ ಮುಗಿದ ಮೇಲೆ ದಿನಾ ಒಂದು ಮಾತ್ರೆ ಕೊಟ್ಟಿದ್ದರು. ಅವನು ದಿನ ಬಿಟ್ಟು ದಿನ ನುಂಗುತ್ತಿದ್ದ. ತಿಂಗಳು ಮುಗಿದರೂ ಡಬ್ಬಿ ಖಾಲಿ ಆಗದ್ದನ್ನು ನೋಡಿ ಅತ್ತಿಗೆ ಕೇಳಿದರು. "ಎರಡು ತಿಂಗಳಿಗೆ ಬರಲಿ ಅಂತ" ಅಂದ. ಸುಮ್ನೆ, ತೀರಾ ಮಾಮೂಲಿ ಮಾತಿನ ಹಾಗೆ. ಡಾಕ್ಟರಿಗೆ ಹೇಳಿದಾಗ ಅವರು ಬೈಯಲಿಲ್ಲ. ಅದೇ ಔಷಧಿಯ ಕಡಿಮೆ ಬೆಲೆಯ ಜೆನೆರಿಕ್ ಬರೆದುಕೊಟ್ಟರು. ಎರಡು ನಿಮಿಷದ ಮಾತು. ನಾವು ಮರ್ಯಾದೆಗೆ ಅಂಜಿ ಅಷ್ಟು ದಿನ ಬಾಯಿ ಬಿಟ್ಟಿರಲಿಲ್ಲ.

ಅದಕ್ಕೇ ಹೇಳುವುದು, ದುಡ್ಡಿನ ವಿಷಯ ಮೊದಲ ದಿನವೇ ಡಾಕ್ಟರ ಹತ್ತಿರ ಎತ್ತು. ಅಪ್ಪನ ಎದುರಿಗೆ ಬೇಡ ಅನ್ನಿಸಿದರೆ ಆಮೇಲೆ ಒಬ್ಬನೇ ಒಳಗೆ ಹೋಗಿ ಕೇಳು. ವಿಮೆ ಇದ್ದರೆ, ಅಡ್ಮಿಟ್ ಆಗದೆ ಮಾಡಿಸುವ ಪರೀಕ್ಷೆಗೆ, ಮನೆಯಲ್ಲಿ ನುಂಗುವ ಮಾತ್ರೆಗೆ ದುಡ್ಡು ಬರುತ್ತದಾ ಅಂತ ಈಗಲೇ ಓದಿ ನೋಡು. ನಾವು ಮೊದಲ ಕ್ಲೇಮ್ ವಾಪಸ್ ಬಂದ ಮೇಲೆ ಓದಿದೆವು!

ಮುಂದಿನ ಕೀಮೋ ಯಾವತ್ತು ಅಂತ ಮೆಸೇಜ್ ಹಾಕು. ಅವತ್ತು ಅಪ್ಪನ ಜೊತೆ ನಾನು ಕೂರುತ್ತೇನೆ. ನೀನು ಕೆಲಸಕ್ಕೆ ಹೋಗು, ರಜೆ ಉಳಿಸಿಕೋ.

ನಿನ್ನ ಗೆಳೆಯ